ಬಿದ್ದವರು ಮತ್ತು ಬೀಳಿಸಿದವರು

ಕಳೆದ ಶ್ರಾವಣದ ಒಂದು ಬೆಳಿಗ್ಗೆ ನಮ್ಮ ಅತ್ತೆ ಬಚ್ಚಲಮನೆಯಲ್ಲಿ ಜಾರಿ ಬಿದ್ದರು. ಎಂಬತ್ತು ದಾಟಿದ ಜೀವ. ಸೊಂಟ ಮುರಿಯಿತೋ ಏನೋ ಎಂಬ ಗಾಬರಿಯಲ್ಲಿ ಪಕ್ಕದ ಮನೆಯವರ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಬಾಗಿಲ ಮೇಲೆ ದೊಡ್ಡ ಕೆಂಪು ಅಕ್ಷರದಲ್ಲಿ 'ಕ್ಯಾಶುಯಾಲಿಟಿ' ಎಂದು ಬರೆದಿತ್ತು. ಗಾಲಿಕುರ್ಚಿಯಲ್ಲಿ ಕೂತಿದ್ದ ಅತ್ತೆ ಆ ನೋವಿನಲ್ಲೂ ಕೇಳಿದರು, "ಅದೇನೇ ಅದು, ಕೆಂಪಗೆ ಬರ್ದಿರೋದು? ಹಂಗಂದ್ರೆ ಏನು?"

"ಬಿದ್ದವರನ್ನ ನೋಡೋ ಜಾಗ, ಅತ್ತೆ" ಎಂದೆ. ಬಾಯಿಗೆ ಬಂದದ್ದನ್ನು ಹೇಳಿದ್ದೆ ಅಷ್ಟೆ.

ದೇವರು ದೊಡ್ಡವನು, ಸೊಂಟಕ್ಕೇನೂ ಆಗಿರಲಿಲ್ಲ. ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಬಿಳಿ ಪಟ್ಟಿ ಹಾಕಿಸಿಕೊಂಡು ಸಂಜೆ ಮನೆಗೆ ಬಂದೆವು. ರಾತ್ರಿ ಅವರಿಗೆ ಗಂಜಿ ಕುಡಿಸಿ ಮಲಗಿಸಿ, ಶಾಲೆಗೆ ರಜಾ ಚೀಟಿ ಬರೆಯಲು ಕೂತೆ. ಒಂದು ದಿನದ ಸಿ.ಎಲ್., ಅಂದರೆ ಕ್ಯಾಶುಯಲ್ ಲೀವ್. ಬರೆಯುತ್ತಿದ್ದಂತೆ ಪೆನ್ನು ನಿಂತಿತು. ಬೆಳಿಗ್ಗೆ ನೋಡಿದ ಕೆಂಪು ಅಕ್ಷರದ ಮಾತು, ಈಗ ಬರೆಯುತ್ತಿರುವ ಮಾತು, ಎರಡೂ ಒಂದೇ ತಾಯಿಯ ಮಕ್ಕಳಲ್ಲವೆ? ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ನಾನು ಇದನ್ನು ಒಂದು ದಿನವೂ ಯೋಚಿಸಿರಲಿಲ್ಲ. ಎದ್ದು ನಿಘಂಟು ತೆಗೆದೆ.

ಲ್ಯಾಟಿನ್ ಭಾಷೆಯಲ್ಲಿ 'ಕಾದೆರೆ' ಎಂದರೆ ಬೀಳು. ಅದರಿಂದ ಹುಟ್ಟಿದ 'ಕಾಸುಸ್' ಎಂದರೆ ಬೀಳುವಿಕೆ; ನಮ್ಮ ಮೇಲೆ ತಾನಾಗಿ ಬಂದು ಬಿದ್ದದ್ದು, ಆಕಸ್ಮಿಕ. ಇಂಗ್ಲಿಷಿನ ಆ್ಯಕ್ಸಿಡೆಂಟ್, ಚಾನ್ಸ್, ಅಕೇಶನ್, ಕೇಸ್ ಇವೆಲ್ಲ ಆ ಒಂದೇ ಬೇರಿನ ಚಿಗುರುಗಳು. ಮುಂಚೆ ತಿಳಿಯದೆ, ಸಂದರ್ಭ ಬಂದಾಗ ಹಾಕುವ ರಜೆ ಕ್ಯಾಶುಯಲ್ ಲೀವ್. ನಮ್ಮ ಸರ್ಕಾರಿ ಕನ್ನಡದಲ್ಲಿ ಅದನ್ನು 'ಸಾಂದರ್ಭಿಕ ರಜೆ' ಎಂದು ಸರಿಯಾಗಿಯೇ ಕರೆದಿದ್ದಾರೆ. ಇಂದು ಕೆಲಸ ಉಂಟು, ನಾಳೆ ಗೊತ್ತಿಲ್ಲ ಎನ್ನುವವರು ಕ್ಯಾಶುಯಲ್ ಕೂಲಿಗಳು. ಹಾಗಾದರೆ ಅತ್ತೆಗೆ ನಾನು ಹೇಳಿದ ಅರ್ಥ, ಗೊತ್ತಿಲ್ಲದೆ ಹೇಳಿದ್ದರೂ, ಬೇರಿಗೇ ಹೋಗಿ ಮುಟ್ಟಿತ್ತು ಎನ್ನಿ.

ಹದಿನೈದನೆಯ ಶತಮಾನದಲ್ಲಿ ಕ್ಯಾಶುಯಾಲಿಟಿ ಎಂದರೆ ಇಂಗ್ಲಿಷಿನಲ್ಲಿ ಬರಿಯ ಆಕಸ್ಮಿಕ. ಆ ಶತಮಾನ ಮುಗಿಯುವುದರೊಳಗೆ ಸೈನ್ಯದವರು ಅದನ್ನು ಎತ್ತಿಕೊಂಡರು. ಒಂದು ದಂಡಿನಲ್ಲಿ ಎಷ್ಟು ಜನ ಕಡಿಮೆಯಾದರು ಎಂಬ ಲೆಕ್ಕಕ್ಕೆ ಆ ಹೆಸರು ಬಂತು. ಸಂಖ್ಯೆಗೆ ಮಾತ್ರ ಇದ್ದ ಹೆಸರು ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಒಬ್ಬೊಬ್ಬ ಸೈನಿಕನಿಗೂ ಅಂಟಿಕೊಂಡಿತು. ಆಸ್ಪತ್ರೆಗೆ ಬಂದದ್ದು, ಪತ್ರಿಕೆಗಳ ಸಂಪಾದಕೀಯಕ್ಕೆ ಬಂದದ್ದು ಆಮೇಲೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಇಪ್ಪತ್ತೈದು ವರ್ಷಕ್ಕೂ ಹಿಂದಿನದು, ಈವರೆಗೆ ಯಾರಲ್ಲೂ ಹೇಳಿಲ್ಲ.

ಆಗ 1999ರ ಕಾರ್ಗಿಲ್ ಯುದ್ಧದ ದಿನಗಳು. ನಾನು ಕೆಲಸಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಬೆಳಗಿನ ಪ್ರಾರ್ಥನೆಯ ನಂತರ ಮಕ್ಕಳು ವಾರ್ತೆ ಓದುವ ಪದ್ಧತಿ ನಮ್ಮಲ್ಲಿ. ಇಂಗ್ಲಿಷ್ ಪತ್ರಿಕೆಯಿಂದ ನಾಲ್ಕು ಸಾಲು ಕನ್ನಡಕ್ಕೆ ಮಾಡಿ ಕೊಡುವುದು ಇಂಗ್ಲಿಷ್ ಟೀಚರ್ ಆದ ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಪತ್ರಿಕೆಯಲ್ಲಿ ಒಂದು ಪಡೆಯ ಹೆಸರು, ಒಂದು ಸಂಖ್ಯೆ, ಅದರ ಮುಂದೆ ಈ ಮಾತು ಇತ್ತು. ನಾನು ಅವಸರದಲ್ಲಿ 'ಇಷ್ಟು ಮಂದಿ ಯೋಧರು ಹುತಾತ್ಮರಾದರು' ಎಂದು ಬರೆದುಕೊಟ್ಟೆ. ಹುಡುಗಿ ಗಟ್ಟಿ ದನಿಯಲ್ಲಿ ಓದಿದಳು. ಒಂಬತ್ತನೆಯ ತರಗತಿಯ ಸಾಲಿನಲ್ಲಿ ಒಬ್ಬಳು ಹಾಗೇ ಕುಸಿದು ಕೂತಳು. ಅವಳ ಅಣ್ಣ ಅದೇ ಪಡೆಯಲ್ಲಿದ್ದ.

ಮಾರನೆಯ ದಿನದಿಂದ ಆ ಹುಡುಗಿ ಶಾಲೆಗೆ ಬರಲಿಲ್ಲ. ಅವರ ಮನೆಯಲ್ಲಿ ಫೋನಿರಲಿಲ್ಲ. ಮನೆಯಲ್ಲಿ ಒಲೆ ಹಚ್ಚಿಲ್ಲ, ಅಕ್ಕಪಕ್ಕದವರು ಊಟ ತಂದು ಕೊಡುತ್ತಿದ್ದಾರೆ ಎಂದು ಆಯಾ ಬಂದು ಹೇಳಿದಳು. ವಾರ ಕಳೆದ ಮೇಲೆ ಕಾಗದ ಬಂತು. ತೊಡೆಗೆ ಗುಂಡು ತಗಲಿ ಅವನು ಮಿಲಿಟರಿ ಆಸ್ಪತ್ರೆಯಲ್ಲಿದ್ದ. ಪತ್ರಿಕೆಯ ಆ ಸಂಖ್ಯೆಯೊಳಗೆ ಅವನೂ ಇದ್ದದ್ದು ನಿಜವೇ. ಆದರೆ ಬದುಕಿದವರ ಕಡೆ.

ದೀಪಾವಳಿಗೆ ಅವನು ಕೋಲೂರಿಕೊಂಡು ಊರಿಗೆ ಬಂದ. ಅವನ ತಾಯಿ ಸಕ್ಕರೆ ಹಿಡಿದುಕೊಂಡು ಶಾಲೆಗೆ ಬಂದರು. ಎಲ್ಲರಿಗೂ ಕೊಟ್ಟು ಕೊನೆಗೆ ನನ್ನ ಹತ್ತಿರ ಬಂದು, "ಒಂದ್ ವಾರ ನನ್ ಮಗನ್ನ ಸಾಯ್ಸಿಬಿಟ್ಟಿದ್ರಲ್ಲ ಟೀಚರಮ್ಮ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಆ ಯುದ್ಧದ ಸರ್ಕಾರಿ ಲೆಕ್ಕ ನಿಮಗೂ ಗೊತ್ತಿರಬಹುದು. ನಮ್ಮ ಕಡೆ ಮಡಿದವರು 527, ಗಾಯಗೊಂಡವರು 1,363. ಎರಡೂ ಕೂಡಿದರೆ 1,890. ಈ ಮೊತ್ತಕ್ಕೆ ಇಂಗ್ಲಿಷಿನವರು ಕ್ಯಾಶುಯಾಲಿಟಿ ಎನ್ನುತ್ತಾರೆ. ನನ್ನ ಅಂದಿನ ಕನ್ನಡದಲ್ಲಿ ಬರೆದಿದ್ದರೆ 1,890 ಮಂದಿಯೂ ಸತ್ತಿರುತ್ತಿದ್ದರು. ಹತ್ತರಲ್ಲಿ ಏಳಕ್ಕೂ ಹೆಚ್ಚು ಮಂದಿಯನ್ನು ಬರಿಯ ಪೆನ್ನಿನಿಂದ ಕೊಂದಂತಾಗುತ್ತಿತ್ತು.

ಈ ತಪ್ಪು ನನ್ನೊಬ್ಬಳದೇ ಅಲ್ಲ ಎಂದು ಆಮೇಲೆ ಓದುತ್ತಾ ತಿಳಿಯಿತು. ಮೊದಲನೆಯ ಮಹಾಯುದ್ಧದಲ್ಲಿ, 1916ರ ಜುಲೈ 1ರಂದು, ಫ್ರಾನ್ಸಿನ ಸೋಮ್ ನದಿಯ ಹತ್ತಿರ ಬ್ರಿಟಿಷ್ ಸೈನ್ಯ ಒಂದೇ ದಿನದಲ್ಲಿ 57,470 ಮಂದಿಯನ್ನು ಕಳೆದುಕೊಂಡಿತು. ಅಷ್ಟೂ ಜನ ಸತ್ತರು ಎಂದು ಬರೆಯುವವರು ಇದ್ದಾರೆ. ಸತ್ತವರು 19,240. ಗಾಯಗೊಂಡವರು 35,493, ನಾಪತ್ತೆಯಾದವರು 2,152, ಸೆರೆ ಸಿಕ್ಕವರು 585. ನಾಲ್ಕನ್ನೂ ಕೂಡಿದರೆ ಆ ದೊಡ್ಡ ಸಂಖ್ಯೆ ಬರುತ್ತದೆ.

ಸತ್ತವನು, ಕಾಲು ಕಳೆದುಕೊಂಡವನು, ಸೆರೆಯಲ್ಲಿ ಕೂತವನು, ಎಲ್ಲಿದ್ದಾನೋ ಯಾರಿಗೂ ತಿಳಿಯದವನು ಎಲ್ಲರನ್ನೂ ಒಂದೇ ಚೀಲದಲ್ಲಿ ಹಾಕುವ ಮಾತು ಎಂಥದು ಎಂದು ನೀವು ಕೇಳಬಹುದು. ಅದು ಸೇನಾಪತಿಯ ಲೆಕ್ಕದ ಮಾತು. ನಾಳೆ ಬೆಳಿಗ್ಗೆ ಸಾಲಿನಲ್ಲಿ ನಿಲ್ಲುವವರು ಎಷ್ಟು ಜನ ಎಂಬುದೊಂದೇ ಅವನ ಪ್ರಶ್ನೆ. ಅವನಿಗೆ ಈ ನಾಲ್ವರೂ ಒಂದೇ, ನಾಲ್ವರೂ ನಾಳೆ ನಿಲ್ಲುವುದಿಲ್ಲ. ತಾಯಿಗೆ ಮಾತ್ರ ನಾಲ್ವರೂ ಬೇರೆ ಬೇರೆ. ಆ ಮಾತು ತಾಯಂದಿರು ಮಾಡಿದ್ದಲ್ಲ.

ನಮ್ಮ ಕನ್ನಡದ 'ಸಾವುನೋವು' ಈ ವಿಷಯದಲ್ಲಿ ಎಷ್ಟು ಒಳ್ಳೆಯ ಮಾತು ನೋಡಿ! ಸತ್ತವರೂ ಉಂಟು, ನೊಂದವರೂ ಉಂಟು ಎಂದು ಎರಡನ್ನೂ ಬಾಯಿಬಿಟ್ಟು ಹೇಳುತ್ತದೆ. ದಿನಾ ಕೇಳುವ ಮಾತಾದ್ದರಿಂದ ಅದರ ಬೆಲೆ ನಮಗೆ ತಿಳಿಯುವುದಿಲ್ಲ. ಅಂದು ನನ್ನ ಪೆನ್ನಿಗೆ ಆ ಒಂದು ಮಾತು ಬಂದಿದ್ದರೆ ಆ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಆದರೂ ಸೈನ್ಯದ ಆ ತಣ್ಣನೆಯ ಮಾತಿಗೆ ಒಂದು ಗುಣವುಂಟು. ಅದರ ಹಿಂದೆ ಒಂದು ಪಟ್ಟಿ ಇರುತ್ತದೆ. ಹೆಸರು, ಪಡೆ, ದಿನ, ಸ್ಥಳ ಬರೆಯಲೇಬೇಕು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಆ ಪಟ್ಟಿಗಳು ಅಚ್ಚಾಗುತ್ತಿದ್ದವು. ಅಧಿಕಾರಿಗಳ ಮನೆಗೆ ತಂತಿ ಹೋಗುತ್ತಿತ್ತು, ಸಾಮಾನ್ಯ ಸಿಪಾಯಿಯ ಮನೆಗೆ ಖಾಲಿ ಜಾಗ ತುಂಬಿದ ಅಚ್ಚಿನ ನಮೂನೆ ಹೋಗುತ್ತಿತ್ತು. ಕವಿ ವಿಲ್ಫ್ರೆಡ್ ಓವೆನ್ ಸತ್ತದ್ದು 1918ರ ನವೆಂಬರ್ 4ರಂದು. ಅವನ ತಾಯಿಯ ಕೈಗೆ ತಂತಿ ಬಂದದ್ದು ನವೆಂಬರ್ 11ರಂದು. ಯುದ್ಧ ಮುಗಿಯಿತೆಂದು ಅವರ ಊರು ಶ್ರೂಸ್‌ಬರಿಯಲ್ಲಿ ಚರ್ಚಿನ ಗಂಟೆಗಳು ಬಾರಿಸುತ್ತಿದ್ದ ಹೊತ್ತು ಅದು. ಎಷ್ಟು ಕ್ರೂರವಾದರೂ ಅದು ಒಂದು ಉತ್ತರ. ದೇಹವೇ ಸಿಗದವರ ಹೆಸರನ್ನೂ ಬಿಡಲಿಲ್ಲ. ಫ್ರಾನ್ಸಿನ ತೀಪ್ವಾಲ್ ಸ್ಮಾರಕದಲ್ಲಿ ಸಮಾಧಿ ಗೊತ್ತಿಲ್ಲದ 72,000ಕ್ಕೂ ಹೆಚ್ಚು ಮಂದಿಯ ಹೆಸರು ಕೆತ್ತಿದ್ದಾರೆ.

ನಮ್ಮ ಮೈಸೂರಿನವರೂ ಇಂಥ ಪಟ್ಟಿಗೆ ಸೇರಿದವರೇ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್‌ಗಳೂ ಇದ್ದರು. ಅಂದಿನ ಲೆಕ್ಕದಲ್ಲಿ ಸತ್ತವರು 8, ಗಾಯಗೊಂಡವರು 34. ಅದೇ ಲೆಕ್ಕದಲ್ಲಿ ಸತ್ತ ಕುದುರೆಗಳು 60, ಗಾಯಗೊಂಡವು 83. ಕುದುರೆಯನ್ನೂ ಎಣಿಸಿದ್ದಾರಲ್ಲ ಎಂದು ನನಗೆ ಮೊದಲು ಸೋಜಿಗವಾಯಿತು. ಆಮೇಲೆ ಹತ್ತನೆಯ ಶತಮಾನದ ಆತಕೂರಿನ ಶಾಸನ ನೆನಪಾಯಿತು. ಹಂದಿಯೊಡನೆ ಕಾದು ಸತ್ತ 'ಕಾಳಿ' ಎಂಬ ನಾಯಿಗೆ ನಿಲ್ಲಿಸಿದ ಕಲ್ಲು ಅದು. ಬಿದ್ದದ್ದು ನಾಯಿಯಾದರೂ ಹೆಸರೇನು, ಯಾರ ಜೊತೆ ಕಾದಿತು ಎಂದು ಬರೆದಿಟ್ಟರು. ಬಿದ್ದವರ ಬಗ್ಗೆ ಮಾತಾಡುವಾಗ ಇಷ್ಟನ್ನಾದರೂ ಹೇಳಬೇಕು ಎಂಬ ಮರ್ಯಾದೆ ನಮ್ಮ ಕಲ್ಲುಕುಟಿಗನಿಗೂ ಇತ್ತು, ಆ ಇಂಗ್ಲಿಷ್ ಗುಮಾಸ್ತನಿಗೂ ಇತ್ತು.

ಈ ಮಾತು ರಣರಂಗ ಬಿಟ್ಟು ಮನೆಯೊಳಗೆ ಬಂದಾಗ ಆ ಮರ್ಯಾದೆ ಬಾಗಿಲಲ್ಲೇ ಉಳಿಯುತ್ತದೆ. ಇದು ನನ್ನ ನಿಜವಾದ ತಕರಾರು.

ಇಂದಿನ ಇಂಗ್ಲಿಷಿನಲ್ಲಿ ಯಾವುದು ಬೇಕಾದರೂ ಕ್ಯಾಶುಯಾಲಿಟಿ ಆಗಬಹುದು. ಮಗು ಹುಟ್ಟಿದರೆ ತಾಯಿಯ ನಿದ್ದೆ ಕ್ಯಾಶುಯಾಲಿಟಿ. ಗಂಡ ಹೆಂಡಿರ ಕೆಲಸದ ಒತ್ತಡಕ್ಕೆ ಸಂಸಾರ ಕ್ಯಾಶುಯಾಲಿಟಿ. ದೊಡ್ಡ ಅಂಗಡಿ ಬಂದರೆ ಬೀದಿಯ ಚಿಕ್ಕ ಅಂಗಡಿ, ಖರ್ಚು ಕಡಿತವಾದರೆ ಶಾಲೆಯ ಗ್ರಂಥಾಲಯ. ಕೇಳಲು ಸೊಗಸಾಗಿದೆ. ಒಂದು ಸಣ್ಣ ಸಂಗತಿಗೆ ಯುದ್ಧದ ಗಾಂಭೀರ್ಯ ಬಂದ ಹಾಗಾಗುತ್ತದೆ. ರೂಪಕವೇ ಬೇಡ ಎನ್ನುವವಳಲ್ಲ ನಾನು. ಅಲಂಕಾರ ಪಾಠ ಮಾಡಿ ಹೊಟ್ಟೆ ಹೊರೆದವಳು ಹಾಗೆನ್ನಬಾರದು. ಆದರೆ ಈ ರೂಪಕ ಯುದ್ಧದಿಂದ ಗದ್ದಲವನ್ನು ಮಾತ್ರ ತಂದಿದೆ. ಪಟ್ಟಿಯನ್ನು ತಂದಿಲ್ಲ, ಶತ್ರುವನ್ನೂ ತಂದಿಲ್ಲ. ಯುದ್ಧದಲ್ಲಿ ಒಬ್ಬ ಬಿದ್ದನೆಂದರೆ ಗುಂಡು ಹಾರಿಸಿದವನೊಬ್ಬ ಇದ್ದೇ ಇರುತ್ತಾನೆ. ಗ್ರಂಥಾಲಯ ಬಿದ್ದಿತು ಎಂದಾಗ ಹಾರಿಸಿದವನು ಎಲ್ಲಿ? ಆ ವಾಕ್ಯದಲ್ಲಿ ಅವನಿಗೆ ಜಾಗವೇ ಇಲ್ಲ. ಮಾತಿನ ಬೇರಿನಲ್ಲಿ ಮಲಗಿದ್ದ ಹಳೆಯ ಅರ್ಥ, 'ತಾನಾಗಿ ಬಂದು ಬಿದ್ದದ್ದು' ಎಂಬುದು, ಮೆಲ್ಲಗೆ ಎದ್ದು ಬಂದು ಅವನನ್ನು ಮರೆ ಮಾಡುತ್ತದೆ.

ಯುದ್ಧದಲ್ಲಿ ಮೊದಲು ಬೀಳುವುದು ಸತ್ಯವೇ ಎಂಬ ಅರ್ಥದ ಮಾತೊಂದನ್ನು ನೀವೂ ಕೇಳಿರುತ್ತೀರಿ. ಈ ಪದದ ಅಲಂಕಾರಿಕ ಬಳಕೆಯಲ್ಲಿ ಅದರಷ್ಟು ಹೆಸರಾದದ್ದು ಇನ್ನೊಂದಿಲ್ಲ. ಫಿಲಿಪ್ ನೈಟ್ಲಿ ಎಂಬ ಪತ್ರಕರ್ತ ಕ್ರಿಮಿಯಾದಿಂದ ವಿಯೆಟ್ನಾಮಿನವರೆಗಿನ ಯುದ್ಧ ವರದಿಗಾರರ ಕಥೆಯನ್ನು 1975ರಲ್ಲಿ ಬರೆದಾಗ ಪುಸ್ತಕಕ್ಕೆ 'ದ ಫಸ್ಟ್ ಕ್ಯಾಶುಯಾಲಿಟಿ' ಎಂದೇ ಹೆಸರಿಟ್ಟ. ಮಾತು ಸುಂದರವೇ. ಆದರೆ ಸತ್ಯ ತಾನಾಗಿ ಕಾಲು ಜಾರಿ ಬೀಳುತ್ತದೆಯೆ, ನಮ್ಮ ಅತ್ತೆಯ ಹಾಗೆ?

ಒಂದು ಉದಾಹರಣೆ ಹೇಳುತ್ತೇನೆ. 1917ರಲ್ಲಿ ಬ್ರಿಟಿಷ್ ಪತ್ರಿಕೆಗಳಲ್ಲಿ ಒಂದು ಭೀಕರ ಸುದ್ದಿ ಬಂತು. ಜರ್ಮನರು ತಮ್ಮ ಸತ್ತ ಸೈನಿಕರ ಹೆಣಗಳನ್ನೇ ಕಾರ್ಖಾನೆಯಲ್ಲಿ ಕುದಿಸಿ ಕೊಬ್ಬು ತೆಗೆಯುತ್ತಿದ್ದಾರೆ ಎಂಬುದು ಆ ಸುದ್ದಿ. ಜಗತ್ತೆಲ್ಲ ಅಸಹ್ಯಪಟ್ಟಿತು. ಅದಕ್ಕೆ ಆಧಾರವಿಲ್ಲವೆಂದು ಬ್ರಿಟಿಷ್ ವಿದೇಶಾಂಗ ಮಂತ್ರಿ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡದ್ದು 1925ರಲ್ಲಿ, ಯುದ್ಧ ಮುಗಿದು ಏಳು ವರ್ಷವಾದ ಮೇಲೆ. ಆರ್ಥರ್ ಪಾನ್ಸನ್‌ಬಿ ಎಂಬ ಪಾರ್ಲಿಮೆಂಟ್ ಸದಸ್ಯರು 1928ರಲ್ಲಿ ಇಂಥ ಸುಳ್ಳುಗಳನ್ನೆಲ್ಲ ಒಟ್ಟುಮಾಡಿ ಒಂದು ಪುಸ್ತಕವನ್ನೇ ತಂದರು. ಅಲ್ಲಿ ಸತ್ಯ ಬೀಳಲಿಲ್ಲ, ಅದನ್ನು ಬೀಳಿಸಿದರು. ಬರೆದವರಿದ್ದರು, ಅಚ್ಚು ಹಾಕಿದವರಿದ್ದರು, ಸುಮ್ಮನಿದ್ದವರಿದ್ದರು. 'ಸತ್ಯ ಬಿತ್ತು' ಎಂದು ಹೇಳಿ ನಿಟ್ಟುಸಿರು ಬಿಟ್ಟರೆ ಇವರೆಲ್ಲ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಬಹುದು.

ಇದೆಲ್ಲ ದೂರದ ದೇಶದ ಮಾತಾಯಿತು, ನಮಗೇನು ಎನ್ನಬೇಡಿ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಶಾಲೆಗಳನ್ನು ಮುಚ್ಚಿದರು. ಪಾಠವೆಲ್ಲ ಮೊಬೈಲಿಗೆ ಹೋಯಿತು. ನನ್ನ ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗಿ, ಇಂಗ್ಲಿಷ್ ಪದ್ಯವನ್ನು ಪುಸ್ತಕ ನೋಡದೆ ಹೇಳುತ್ತಿದ್ದವಳು, ಶಾಲೆ ಮತ್ತೆ ತೆರೆದಾಗ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದೆ. ಇದ್ದದ್ದು ಒಂದೇ ಫೋನು, ಅದು ಅಣ್ಣನ ಕೈಲಿತ್ತು. ಇವಳನ್ನು ಅಜ್ಜಿಯ ಊರಿಗೆ ಕಳಿಸಿ, ಅಲ್ಲೇ ಮದುವೆ ಗೊತ್ತು ಮಾಡಿದ್ದರು. ವಯಸ್ಸಾಗಿಲ್ಲ, ಇದು ಕಾನೂನಿಗೂ ವಿರುದ್ಧ ಎಂದೆ. ತಂದೆ ನೆಲ ನೋಡುತ್ತಾ ಹೇಳಿದರು, "ಏನ್ಮಾಡೋದು ಮೇಡಂ, ಎಲ್ಲಾ ಆ ಕೊರೋನಾದಿಂದ."

ಅದೇ ಸುಮಾರಿನಲ್ಲಿ ಇಂಗ್ಲಿಷ್ ಲೇಖನಗಳಲ್ಲಿ ಹೆಣ್ಣುಮಕ್ಕಳ ವಿದ್ಯೆ ಕೊರೋನಾದ ಕ್ಯಾಶುಯಾಲಿಟಿ ಎಂಬ ಧಾಟಿಯ ಮಾತುಗಳನ್ನು ಓದಿದೆ. ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು. ಆದರೆ ಆ ತಂದೆ ನೆಲ ನೋಡುತ್ತಾ ಹೇಳಿದ್ದಕ್ಕೂ ಈ ವಿದ್ವತ್ತಿನ ವಾಕ್ಯಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ರೋಗವೊಂದೇ ಅಪರಾಧಿ. ರೋಗಾಣುವಿಗೆ ಹುಡುಗ ಯಾರು ಹುಡುಗಿ ಯಾರು ಗೊತ್ತಿತ್ತೆ? ಫೋನು ಅಣ್ಣನಿಗೆ ಎಂದು ಒಂದು ಬಾಯಿ ಹೇಳಿತ್ತು. ಮದುವೆ ಮಾಡಿಬಿಡೋಣ ಎಂದು ಇನ್ನೊಂದು ಬಾಯಿ ಹೇಳಿತ್ತು. ಅವಳು ಬರಲಿಲ್ಲವೆಂದು ಹಾಜರಿ ಪುಸ್ತಕದಲ್ಲಿ ಗೆರೆ ಎಳೆದು, ಮನೆಗೆ ಹೋಗಲು ಮೂರು ವಾರ ತಡಮಾಡಿದ ಒಂದು ಕೈಯೂ ಇತ್ತು. ಆ ಕೈ ನನ್ನದು.

ಕನ್ನಡಕ್ಕೆ ಬಂದಾಗ ಈ ಮಾತು ಸಾಮಾನ್ಯವಾಗಿ 'ಬಲಿ' ಆಗುತ್ತದೆ. ಹಿಂದೆ ನನಗೆ ಅದು ಅತಿಯಾಯಿತು ಎನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಬಲಿ ಎಂದರೆ ಮೂರು ಪ್ರಶ್ನೆಗಳು ತಾವಾಗಿ ಏಳುತ್ತವೆ. ಯಾರನ್ನು ಕೊಟ್ಟರು, ಯಾರು ಕೊಟ್ಟರು, ಯಾವ ದೇವರಿಗೆ ಕೊಟ್ಟರು? ಕ್ಯಾಶುಯಾಲಿಟಿ ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಉತ್ತರ ಹೇಳಿ ಸುಮ್ಮನಾಗುತ್ತದೆ. ಆದರೆ ನಾವು 'ರಸ್ತೆಗೆ ಬಲಿ', 'ಮಳೆಗೆ ಬಲಿ' ಎಂದು ದಿನಾ ಬರೆದು ಬರೆದು ನಮ್ಮ ಮಾತನ್ನೂ ಅದೇ ದಾರಿಗೆ ತಂದಿದ್ದೇವೆ. ಗುಂಡಿ ಮುಚ್ಚದವರು ಅಲ್ಲಿಂದಲೂ ಜಾರಿಕೊಂಡರು.

ನನ್ನ ಹೆಸರಿನ ಮುಂದೆ ಬಿ.ಎ., ಬಿ.ಎಡ್. ಎಂದಿದೆ. ಎಂ.ಎ. ಮಾಡಬೇಕೆಂದಿದ್ದೆ, ಮೈಸೂರಿನಿಂದ ಅರ್ಜಿ ತರಿಸಿಯೂ ಇದ್ದೆ. ಯಾಕೆ ಮಾಡಲಿಲ್ಲ ಎಂದು ಯಾರಾದರೂ ಕೇಳಿದರೆ ಇಷ್ಟು ವರ್ಷ, "ಸಂಸಾರದ ಗಡಿಬಿಡಿಯಲ್ಲಿ ಹೋಯ್ತು ಬಿಡಿ" ಎನ್ನುತ್ತಿದ್ದೆ. ಅದೂ ಇದೇ ಜಾತಿಯ ವಾಕ್ಯ. ಗಡಿಬಿಡಿಗೆ ಕೈಕಾಲು ಇದೆಯೆ? ಅರ್ಜಿ ತುಂಬುವ ದಿನ ಮನೆಯಲ್ಲಿ ಏನು ಮಾತಾಯಿತು, ಯಾರು ಏನಂದರು, ನಾನು ಯಾಕೆ ಎದುರು ಮಾತಾಡದೆ ಆ ಕಾಗದವನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟೆ ಎಂಬುದೆಲ್ಲ ನನಗೆ ನೆನಪಿದೆ. ಯಾರ ಮೇಲೂ ದೂರು ಹೇಳುವ ವಯಸ್ಸು ಇದಲ್ಲ. ಆದರೆ ದೂರದಿರುವುದು ಬೇರೆ, ವಾಕ್ಯದಿಂದ ಕರ್ತೃವನ್ನೇ ತೆಗೆದುಬಿಡುವುದು ಬೇರೆ. ನಿಮ್ಮಲ್ಲೂ ಒಬ್ಬೊಬ್ಬರಿಗೆ ಹೀಗೆ ಒಂದು ಕಾಗದವಿರಬಹುದು. ಅದು 'ಹೋಯಿತು' ಎನ್ನುವ ಮುಂಚೆ ಒಂದು ಸಲ ಯೋಚಿಸಿ.

ವ್ಯಾಕರಣ ಪಾಠ ಮಾಡುವಾಗ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಎರಡು ಸಾಲು ಬರೆಸಿ ಮುಗಿಸುತ್ತಿದ್ದೆ. ಈಗ ಹಾಗೆ ಬಿಡುವುದಿಲ್ಲ. 'ಕಿಟಕಿ ಒಡೆಯಿತು' ಎಂದು ಮಕ್ಕಳು ಹೇಳಿದರೆ ಯಾರು ಒಡೆದರು ಎಂದು ಕೇಳುತ್ತೇನೆ. ಅವು ನಗುತ್ತವೆ. 'ಅಕ್ಕನ ಓದು ನಿಂತಿತು' ಎಂದು ಒಬ್ಬಳು ಬರೆದಿದ್ದಳು. ಯಾರು ನಿಲ್ಲಿಸಿದರು ಎಂದು ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ಬರೆದು ಕೊಟ್ಟೆ. ಉತ್ತರ ಬರೆದು ತರಲಿಲ್ಲ. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಬಂದು, "ಮಿಸ್, ಅಕ್ಕನ್ನ ಮತ್ತೆ ಸೇರಿಸ್ಕೊತಾರಾ?" ಎಂದು ಕೇಳಿದಳು. ಸೇರಿಸಿಕೊಳ್ಳುತ್ತಾರೆ, ಅಪ್ಪನನ್ನು ಕರೆದುಕೊಂಡು ಬಾ ಎಂದೆ.

ಅತ್ತೆಯ ಪಟ್ಟಿ ಬಿಚ್ಚಿಸಲು ಆರು ವಾರದ ಮೇಲೆ ಮತ್ತೆ ಅದೇ ಆಸ್ಪತ್ರೆಗೆ ಹೋದೆವು. ಕೆಂಪು ಅಕ್ಷರ ಕಂಡದ್ದೇ ಅವರು, "ಬಿದ್ದವರ ಜಾಗ" ಎಂದು ನೆನಪು ಮಾಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ಬಚ್ಚಲಲ್ಲಿ ಸೋಪಿನ ನೀರು ಹಾಗೇ ಬಿಟ್ಟಿದ್ದು ಯಾರೇ?" ಎಂದರು.

"ನಾನೇ, ಅತ್ತೆ" ಎಂದೆ.

"ಗೊತ್ತಿತ್ತು ಬಿಡು" ಎಂದು ಅವರು ಪಟ್ಟಿಯ ಕೈಯನ್ನು ನನ್ನ ಹೆಗಲ ಮೇಲಿಟ್ಟು ಎದ್ದು ನಿಂತರು.